ಕಾಕಾ ಜೀವಂತ, ಅಧ್ಯಕ್ಷರು ಸ್ವಸ್ಥ

ಹೊಲದಲ್ಲಿ ತೊಗರಿ ಹೂವಾಗುವ ಹೊತ್ತಿಗೆ ಕಲಬುರಗಿಯ ಬ್ಯಾಂಕುಗಳಲ್ಲಿ ಪಿಂಚಣಿದಾರರ ಸಾಲು ಬೆಳೆಯುತ್ತದೆ. ನವೆಂಬರ್ ಎಂದರೆ ತಾವಿನ್ನೂ ಸತ್ತಿಲ್ಲವೆಂದು ಸಾಬೀತು ಮಾಡುವ ತಿಂಗಳು. ನಮ್ಮ ಕಾಕಾ 34 ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿದವರು. ಸೀಮೆಸುಣ್ಣ ಹಿಡಿದೂ ಹಿಡಿದೂ ಹೆಬ್ಬೆರಳಿನ ಗೆರೆ ಸವೆದಿವೆ. ಯಂತ್ರದ ಮೇಲೆ ಬೆರಳಿಟ್ಟರು, ಕೆಂಪು ದೀಪ. ಧೋತರಕ್ಕೆ ಒರೆಸಿಕೊಂಡು ಇಟ್ಟರು, ಮತ್ತೂ ಕೆಂಪು.

"ಮಷೀನ್ ತಗೋವಲ್ದ್ರಿ ಸರ," ಎಂದ ಕೌಂಟರಿನ ಹುಡುಗ ಮೊಬೈಲನ್ನು ಅವರ ಮುಖದೆದುರು ಹಿಡಿದ. "ಕಣ್ಣ ಮಿಟುಕಸ್ರಿ."

ಮೊನ್ನೆ ಮೊನ್ನೆ ಪೊರೆ ತೆಗೆಸಿಕೊಂಡ ಕಣ್ಣು. ಕಾಕಾ ಎರಡನ್ನೂ ಒಟ್ಟಿಗೆ ಮಿಟುಕಿಸಿದರು, ಆಮೇಲೆ ಒಂದೊಂದಾಗಿ ಮಿಟುಕಿಸಿದರು. ಪಕ್ಕದ ಸಾಲಿನ ಅಜ್ಜಿ ಸೆರಗು ಸರಿಮಾಡಿಕೊಂಡು ಅತ್ತ ತಿರುಗಿದಳು. ಮೊಬೈಲ್ ಮಾತ್ರ ಒಪ್ಪಲಿಲ್ಲ. ಸಿಟ್ಟಿಗೆದ್ದ ಕಾಕಾ ಒಂದು ಬಿಳಿ ಹಾಳೆ ಇಸಿದುಕೊಂಡು 'ನಾನು ಜೀವಂತ ಇದ್ದೇನೆ' ಎಂದು ಬರೆದು, ಸಹಿ ಹಾಕಿ, ದಿನಾಂಕ ಹಾಕಿ ಕೊಟ್ಟರು.

"ನೀವ ಬರಕೊಟ್ರ ನಡಿಯಲ್ರಿ ಸರ. ಬ್ಯಾರೆಯವ್ರು ಹೇಳ್ಬೇಕು. ಗೆಜೆಟೆಡ್ ಆಫೀಸರ್ ಕಡಿಂದ ಸೈನ್ ಮಾಡಿಸ್ಕೊಂಡ್ ಬರ್ರಿ."

ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುತ್ತ ಕಾಕಾಗೆ ಸಮಾಧಾನ ಹೇಳೋಣವೆಂದು ನಾನು ಅಮೆರಿಕದ ಸುದ್ದಿ ತೆಗೆದೆ. ಮೊಮ್ಮಗ ಅಲ್ಲಿದ್ದಾನೆ, ಹಾಗಾಗಿ ವಾಷಿಂಗ್ಟನ್ ಅವರಿಗೆ ಆಳಂದಕ್ಕಿಂತ ಹತ್ತಿರ. ಆ ದೇಶದಲ್ಲಿ ಇದೇ ಬಿಳಿ ಹಾಳೆ ನಡೆಯುತ್ತದೆ, ಆದರೆ ಒಬ್ಬರಿಗೆ ಮಾತ್ರ ಎಂದೆ.

ಅವರ ಸಂವಿಧಾನಕ್ಕೆ 1967ರಲ್ಲಿ 25ನೇ ತಿದ್ದುಪಡಿ ಬಂತು. ಅದರ ನಾಲ್ಕನೇ ಭಾಗದ ಪ್ರಕಾರ ಉಪಾಧ್ಯಕ್ಷರೂ ಸಚಿವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯೂ ಸೇರಿ 'ನಮ್ಮ ಅಧ್ಯಕ್ಷರಿಂದ ಕೆಲಸ ಆಗುತ್ತಿಲ್ಲ' ಎಂದು ಬರೆದುಕೊಟ್ಟರೆ ಅಧಿಕಾರ ಉಪಾಧ್ಯಕ್ಷರ ಕೈಗೆ ಹೋಗುತ್ತದೆ. ಆದರೆ ಅಧ್ಯಕ್ಷರು ಒಂದು ಹಾಳೆ ತೆಗೆದುಕೊಂಡು 'ನನಗೇನೂ ಆಗಿಲ್ಲ' ಎಂದು ಬರೆದರೆ ಸಾಕು. ಬೆರಳೂ ಬೇಡ, ಕಣ್ಣೂ ಬೇಡ. ನಾಲ್ಕು ದಿನದೊಳಗೆ ಉಪಾಧ್ಯಕ್ಷರೂ ಆ ಸಚಿವರೂ ಮತ್ತೆ ಇಲ್ಲ ಎನ್ನದಿದ್ದರೆ ಕುರ್ಚಿ ವಾಪಸ್. ಮತ್ತೆ ಇಲ್ಲ ಎಂದರೆ ಸಂಸತ್ತಿಗೆ 21 ದಿನ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರಷ್ಟೇ ಅಧ್ಯಕ್ಷರು ಹೊರಗೆ. ಅದೇ ಅಧ್ಯಕ್ಷರ ಮೇಲೆ ಅಪರಾಧ ಹೊರಿಸಿ ತೆಗೆಯುವುದಾದರೆ ಕೆಳಮನೆಯಲ್ಲಿ ಬರೀ ಬಹುಮತ ಸಾಕು, ಮೂರನೇ ಎರಡರಷ್ಟು ಬೇಕಾದದ್ದು ಮೇಲ್ಮನೆಯಾದ ಸೆನೆಟ್‌ನಲ್ಲಿ ಮಾತ್ರ.

"ಅಂದ್ರ ಕಳ್ಳ ಅನ್ನೋದು ಸಲೀಸು, ತಲಿ ಕೆಟ್ಟದ ಅನ್ನೋದು ತುಟ್ಟಿ," ಎಂದರು ಕಾಕಾ.

ಸಲೀಸೂ ಅಲ್ಲ. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಒಂದೇ ಮತದಲ್ಲಿ ಉಳಿದುಕೊಂಡರು. ಅಲ್ಲಿಂದ ಇಲ್ಲಿಯತನಕ ಸೆನೆಟ್ ಒಬ್ಬ ಅಧ್ಯಕ್ಷರನ್ನೂ ಕೆಳಗಿಳಿಸಿಲ್ಲ. 25ನೇ ತಿದ್ದುಪಡಿಯ ನಾಲ್ಕನೇ ಭಾಗವಂತೂ ಪ್ಯಾಕಿಂಗ್ ಬಿಚ್ಚದ ಕುಕ್ಕರಿನಂತೆ ಅಟ್ಟದ ಮೇಲಿದೆ. ಮೂರನೇ ಭಾಗಕ್ಕೆ ಮಾತ್ರ ಆಗಾಗ ಕೆಲಸ ಸಿಗುತ್ತದೆ. ಅಧ್ಯಕ್ಷರು ತಾವೇ ರಜೆ ಚೀಟಿ ಬರೆದುಕೊಡುವ ಭಾಗ ಅದು. 2021ರ ನವೆಂಬರಿನಲ್ಲಿ ಅಂದಿನ ಅಧ್ಯಕ್ಷ ಬೈಡನ್ ಕರುಳಿನ ತಪಾಸಣೆಗೆ ಮಲಗಿದಾಗ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ 85 ನಿಮಿಷ ದೇಶ ಆಳಿದರು. ಕರುಳು ನೋಡಲು ವ್ಯವಸ್ಥೆ ಪಕ್ಕಾ ಇದೆ. ಅದಕ್ಕಿಂತ ಮೇಲೆ ಹತ್ತಿದರೆ ಕಾನೂನಿಗೆ ಏದುಸಿರು ಬರುತ್ತದೆ.

ಕಾಕಾ ಗಣಿತದವರು. ಲೆಕ್ಕ ಎಲ್ಲಿ ತಪ್ಪಿದೆಯೆಂದು ಹುಡುಕತೊಡಗಿದರು. "ಆ ಸಚಿವರಿಗೆ ನೌಕರಿ ಕೊಟ್ಟವ್ರ್ಯಾರು?"

"ಅಧ್ಯಕ್ಷರು."

"ತೆಗಿಯವ್ರು?"

"ಅವ್ರೇ."

"ಮುಗೀತಲ್ಲೋ ತಮ್ಮಾ! ಉಂಡ ಮನಿ ಜಂತಿ ಎಣಸ್ತಾರೇನು ಯಾರರ?"

ಎಣಿಸಲು ಹೋದವನ ಗತಿಯೂ ದಾಖಲೆಯಲ್ಲಿದೆ. 1919ರ ಅಕ್ಟೋಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಪಾರ್ಶ್ವವಾಯು ಬಡಿಯಿತು. ಹಾಸಿಗೆಯ ಬಳಿಗೆ ಯಾರು ಹೋಗಬೇಕು, ಯಾವ ಕಾಗದ ಹೋಗಬೇಕು ಎಂಬುದನ್ನೆಲ್ಲ ಹೆಂಡತಿ ಈಡಿತ್ ನಿರ್ಧರಿಸಿದರು. ದೇಶದ ಕೆಲಸ ನಿಂತೀತೆಂದು ವಿದೇಶಾಂಗ ಸಚಿವ ಲ್ಯಾನ್ಸಿಂಗ್ ಸಂಪುಟ ಸಭೆ ಕರೆದರು. ಹಾಸಿಗೆ ಹಿಡಿದ ವಿಲ್ಸನ್ ಆಗ ಒಂದು ಕೆಲಸವನ್ನು ಮಾತ್ರ ಚೊಕ್ಕವಾಗಿ ಮಾಡಿದರು: ಲ್ಯಾನ್ಸಿಂಗ್ ರಾಜೀನಾಮೆ ಪಡೆದರು. 2021ರ ಜನವರಿ 6ರಂದು ಅಧ್ಯಕ್ಷ ಟ್ರಂಪ್ ಬೆಂಬಲಿಗರ ಗುಂಪು ಸಂಸತ್ತಿಗೆ ನುಗ್ಗಿದ ಮೇಲೆ ಕೆಳಮನೆ ಉಪಾಧ್ಯಕ್ಷ ಪೆನ್ಸ್‌ಗೆ 25ನೇ ತಿದ್ದುಪಡಿ ಬಳಸಿರೆಂದು ನಿರ್ಣಯ ಮಾಡಿ ಹೇಳಿತು. ಅವರು ಒಲ್ಲೆನೆಂದರು. ಇಬ್ಬರು ಸಚಿವೆಯರು ಗುಂಪು ನುಗ್ಗಿದ ಮರುದಿನವೇ ರಾಜೀನಾಮೆ ಕೊಟ್ಟು ಹೊರಬಿದ್ದರು. ಅವರೊಂದಿಗೆ ಎರಡು ಮತವೂ ಹೊರಬಿತ್ತು.

ಸುಧಾರಣೆಗೆ ದಾರಿ ಇಲ್ಲವೆಂದಲ್ಲ. ಸಚಿವರು ಬೇಡವಾದರೆ 'ಸಂಸತ್ತು ಕಾನೂನು ಮಾಡಿ ನೇಮಿಸುವ ಬೇರೊಂದು ಮಂಡಳಿ' ಆಗಬಹುದೆಂದು ಆ ತಿದ್ದುಪಡಿಯಲ್ಲೇ ಇದೆ. 1967ರಿಂದ ಆ ಜಾಗ ಖಾಲಿ. 2020ರಲ್ಲಿ ಕೆಳಮನೆಯ ಅಂದಿನ ಸ್ಪೀಕರ್ ಪೆಲೋಸಿ, ಸದಸ್ಯ ರಾಸ್ಕಿನ್ ಸೇರಿ 17 ಮಂದಿಯ ಮಂಡಳಿಗೆ ಮಸೂದೆ ತಂದರು. ಅದರಲ್ಲಿ ವೈದ್ಯರು, ಹಳೆಯ ದೊಡ್ಡ ಹುದ್ದೆಯವರು, ಎರಡೂ ಪಕ್ಷದವರು ಆರಿಸಿದವರು.

"ಬೀಗರ ಪಂಚಾಯ್ತಿ ಅನ್ನು. ಎರಡೂ ಕಡಿಗಿ ಅಷ್ಟಷ್ಟ ಮಂದಿ, ಚಹಾ ಕುಡ್ದು ಎದ್ದ್ ಬರ್ತಾರ. ಆಯ್ತು, ಕಾನೂನು ಆಗ್ಲಕ್ಕ ಏನ್ ಮಾಡ್ಬೇಕು?"

"ಎರಡೂ ಸದನ ಒಪ್ಪಬೇಕು. ಆಮೇಲೆ ಅಧ್ಯಕ್ಷರ ಸಹಿ ಬೇಕು."

ಕಾಕಾ ಚಹಾದ ಗ್ಲಾಸು ಕೆಳಗಿಟ್ಟರು. "ತಲಿ ತಪಾಸ್ ಮಾಡೋ ಕಮಿಟಿಗಿ ತಲಿ ಕೆಟ್ಟವ್ನೇ ಸೈನ್ ಮಾಡ್ಬೇಕು?"

ಸಹಿ ಹಾಕದಿದ್ದರೆ ಮತ್ತೆ ಮೂರನೇ ಎರಡರಷ್ಟು. ಸಹಿ ಹಾಕಿದರೆ ತಲೆ ನೆಟ್ಟಗಿದೆಯೆಂದೇ ಅರ್ಥ, ಕಮಿಟಿ ಬೇಕಾಗುವುದಿಲ್ಲ.

ನಮ್ಮಲ್ಲಿ? 102ನೇ ವಿಧಿಯಂತೆ ಸಂಸದನ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ನ್ಯಾಯಾಲಯ ಘೋಷಿಸಿದರೆ ಸದಸ್ಯತ್ವ ಹೋಗುತ್ತದೆ. ಬೆಕ್ಕಿಗೆ ಗಂಟೆ ಕಟ್ಟಲು ಕೋರ್ಟಿಗೆ ಹೋಗುವ ಇಲಿ ಯಾವುದು? ವಿಶ್ವಾಸಮತ ಖಂಡಿತ ಹರಿತವಾದದ್ದು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಮತಕ್ಕೆ ಬಿತ್ತು. ಆದರೆ 1985ರಿಂದ ಪಕ್ಷದ ಆಜ್ಞೆಯಾದ ವಿಪ್ ಮೀರಿದವನ ಸದಸ್ಯತ್ವಕ್ಕೇ ಸಂಚಕಾರ. 'ನಮ್ಮ ನಾಯಕನಿಂದ ಆಗುತ್ತಿಲ್ಲ' ಎಂದು ಕೈ ಎತ್ತಿದ ಸ್ವಪಕ್ಷದವನು ಆ ಕೈಯಲ್ಲೇ ಚೀಲ ಹಿಡಿದು ಊರ ಬಸ್ ಹತ್ತಬೇಕು. ಅಂದಹಾಗೆ 40 ದಾಟಿದ ಮೇಲೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ವೈದ್ಯರ ಸರ್ಟಿಫಿಕೇಟ್ ಬೇಕು. ದೇಶ ನಡೆಸಲು ಬೇಡ.

ಈ ವಿಷಯದಲ್ಲಿ ನಮ್ಮೂರಿಗೆ ಹಳೆಯ ಅನುಭವವಿದೆ. ಇಲ್ಲಿ ಬಹಮನಿಗಳು ಆಳುತ್ತಿದ್ದಾಗ ಮೂರನೇ ಎರಡರಷ್ಟು ಮತ ಕೇಳುತ್ತಿರಲಿಲ್ಲ. 1397ರಲ್ಲಿ ಘಿಯಾಸುದ್ದೀನ್ ಎಂಬ ಹುಡುಗ ಸುಲ್ತಾನ ಪಟ್ಟಕ್ಕೇರಿ ಕೆಲವೇ ವಾರ. ಬಯಸಿದ ಪದವಿ ಸಿಗದ ಸಿಟ್ಟಿಗೆ ತಘಲ್ಚಿನ್ ಎಂಬ ಗುಲಾಮ ಅವನ ಕಣ್ಣು ಕೀಳಿಸಿ, ತಮ್ಮನನ್ನು ಕೂರಿಸಿದ. ಅದೇ ವರ್ಷ ಆ ತಮ್ಮನ ಗತಿಯೂ ಅದೇ. ರಾಜಧಾನಿ ಬೀದರಿಗೆ ಹೋದ ಮೇಲೆ ತಪಾಸಣೆಯ ದಿಕ್ಕೇ ತಿರುಗಿತು. 1481ರಲ್ಲಿ ಅಮಲೇರಿದ ಸುಲ್ತಾನ ಖೊಟ್ಟಿ ಪತ್ರವೊಂದನ್ನು ನಂಬಿ, ಇಡೀ ಆಸ್ಥಾನದಲ್ಲಿ ತಲೆ ಸರಿಯಿದ್ದ ಮಂತ್ರಿ ಮಹಮೂದ್ ಗವಾನನ ತಲೆಯನ್ನೇ ತೆಗೆಸಿದ. ಆ ಪತ್ರಕ್ಕೂ ಗವಾನನ ಮೊಹರು ಇತ್ತು. ಸೈನ್ ಇದ್ದರೆ ಸಾಕು ಎನ್ನುವ ಆಫೀಸು ಅಂದೂ ಇತ್ತು.

"ಭಾಳ ಸುಧಾರಿಸೀವಿ," ಎಂದರು ಕಾಕಾ. "ಆಗ ಕಣ್ಣ ಕೀಳ್ತಿದ್ರು, ಈಗ ಮಿಟುಕಸಂತಾರ."

ಅವರ ಸುಧಾರಣೆ ಸರಳವಾಗಿದೆ. ಯಾವ ದೇಶದ ನಾಯಕನಾದರೂ ಸರಿ, ನವೆಂಬರ್ ಬಂದ ಕೂಡಲೇ ಕಲಬುರಗಿಗೆ ಬಂದು ಈ ಸಾಲಿನಲ್ಲಿ ನಿಲ್ಲಬೇಕು. ಬೆರಳು ಇಡಬೇಕು, ಕಣ್ಣು ಮಿಟುಕಿಸಬೇಕು. "ನಾ ಬರಕೊಡ್ತೀನಿ" ಎಂದರೆ ಅದೇ ಹುಡುಗ "ನಡಿಯಲ್ರಿ ಸರ" ಎನ್ನಬೇಕು. ಬೇರೆ ಕಮಿಟಿ ಯಾಕೆ?

ಸಂಜೆ ಗೆಜೆಟೆಡ್ ಆಫೀಸರೊಬ್ಬರ ಮನೆಗೆ ಹೋದೆವು. ಕಾಕಾನ ಮುಖವನ್ನೂ ಸರಿಯಾಗಿ ನೋಡದೆ ಅವರು ಸಹಿ ಹಾಕಿ, ಮೊಹರು ಒತ್ತಿ, ಕಾಲಿಗೆ ನಮಸ್ಕಾರ ಮಾಡಿ ಕಳಿಸಿದರು. ಮರುದಿನ ಬ್ಯಾಂಕು ಮರುಮಾತಿಲ್ಲದೆ ಒಪ್ಪಿತು.

"ನೋಡ್ಲೇ ಇಲ್ಲಲ್ಲ ಕಾಕಾ ಅವ್ರು?"

"ಯಾಕ್ ನೋಡ್ತಾನ? ಎಸ್ಸೆಸ್ಸೆಲ್ಸಿ ಪ್ರಿಪರೇಟರಿದಾಗ 32 ಬಿದ್ದಿದ್ವು. ಮೂರು ನಾ ಹಾಕಿದ್ದೆ."

ಆ ಆಫೀಸರು ಬರುವ ಜೂನ್‌ನಲ್ಲಿ ನಿವೃತ್ತರಾಗುತ್ತಾರಂತೆ. ಕಾಕಾ ಈಗ ಅಟ್ಟದಿಂದ ಹಳೆಯ ಅಂಕಪಟ್ಟಿಯ ವಹಿ ಇಳಿಸಿಕೊಂಡು, ಇನ್ನೂ ಯಾರ್‍ಯಾರಿಗೆ ಗ್ರೇಸ್ ಕೊಟ್ಟಿದ್ದೆನೆಂದು ಬೆರಳು ಹಚ್ಚಿ ನೋಡುತ್ತ ಕೂತಿದ್ದಾರೆ.