ಸತ್ಯಾಂಶ: ಓದು, ದುಡ್ಡು ಇದ್ದರೆ ಸಾಕೇ?

"ಅಮೆರಿಕದಲ್ಲಿ ಕಪ್ಪು ವರ್ಣದ ತಾಯಂದಿರು ಹೆಚ್ಚು ಸಾಯುವುದು ಬಡತನದಿಂದ, ಓದು ಇಲ್ಲದ್ದರಿಂದ, ವರ್ಣಭೇದದಿಂದಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಬಡತನದ ಪಾಲು ಇದೆ, ನಿಜ. ಆದರೆ ಅದಷ್ಟೇ ಕಾರಣವಲ್ಲ.

ಅಲ್ಲಿನ ಸರ್ಕಾರದ ಲೆಕ್ಕದಂತೆ 2021ರಲ್ಲಿ ಲಕ್ಷ ಹೆರಿಗೆಗೆ ತಾಯಂದಿರ ಸಾವು ಕಪ್ಪು ವರ್ಣೀಯರಲ್ಲಿ 69.9, ಬಿಳಿಯರಲ್ಲಿ 26.6. ನನ್ನನ್ನು ಹೆಚ್ಚು ಕಾಡುವುದು 2007–2016ರ ಅಂಕಿ: ಕಾಲೇಜು ಪದವಿ ಪಡೆದ ಕಪ್ಪು ಮಹಿಳೆಯರಲ್ಲಿ ಇಂಥ ಸಾವಿನ ಪ್ರಮಾಣ, ಹೈಸ್ಕೂಲನ್ನೂ ಮುಗಿಸದ ಬಿಳಿ ಮಹಿಳೆಯರಿಗಿಂತ 1.6 ಪಟ್ಟು.

ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ಗೆ ದುಡ್ಡಿಗೆ ಕೊರತೆಯೇ? 2017ರಲ್ಲಿ ತುರ್ತು ಸಿಸೇರಿಯನ್ ಆದ ಮರುದಿನ ಅವರಿಗೆ ಉಸಿರು ಕಟ್ಟಿತು. ಹಿಂದೆಯೂ ರಕ್ತ ಹೆಪ್ಪುಗಟ್ಟಿದ್ದರಿಂದ ಸಿಟಿ ಸ್ಕ್ಯಾನ್ ಮಾಡಿ ಎಂದು ಕೇಳಿದರು. ನೋವಿನ ಔಷಧಿಯ ಮಂಪರಿನಲ್ಲಿ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡರು ನರ್ಸ್. ಪಟ್ಟು ಬಿಡದೆ ಕೇಳಿದ ಮೇಲೆ ಸ್ಕ್ಯಾನ್ ಆಯಿತು, ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಒಂದು ಘಟನೆಯೇ ಪುರಾವೆಯಲ್ಲ, ಆದರೆ ಮೇಲಿನ ಅಂಕಿಗಳ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ಉಪಕರಣದಲ್ಲೂ ದೋಷವಿದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಕಪ್ಪು ಚರ್ಮದವರ ರಕ್ತದಲ್ಲಿ ಆಮ್ಲಜನಕ ಇರುವುದಕ್ಕಿಂತ ಹೆಚ್ಚಿದೆ ಎಂದು ತೋರಿಸಬಹುದು. ಉಸಿರಿಗೆ ಒದ್ದಾಡುತ್ತಿರುವ ಬಾಣಂತಿಯನ್ನು "ಎಲ್ಲ ಸರಿಯಿದೆ" ಎಂದು ಮನೆಗೆ ಕಳಿಸಲು ಆ ಒಂದು ಅಂಕಿ ಸಾಕು.