ಹಿತ್ತಲ ಬೇಲಿಯಾಚೆ ಅನಿಲ ಬಾವಿ: ಫ್ರ್ಯಾಕಿಂಗ್ ಬೇಡವೆನ್ನುವ ಹಕ್ಕು ಊರಿಗಿರಬೇಕೇ?

2014ರ ನವೆಂಬರ್ 4ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಡೆಂಟನ್ ನಗರದ ಮತದಾರರು ತಮ್ಮ ಊರಿನ ಎಲ್ಲೆಯೊಳಗೆ ಫ್ರ್ಯಾಕಿಂಗ್, ಅಂದರೆ ಆಳದ ಕಲ್ಲನ್ನು ನೀರಿನ ಒತ್ತಡದಿಂದ ಸೀಳಿ ಅನಿಲ ತೆಗೆಯುವ ವಿಧಾನವನ್ನು, ನಿಷೇಧಿಸಿದರು. ನಿಷೇಧದ ಪರ ಬಿದ್ದ ಮತ ಸುಮಾರು ಶೇ 59. ಮರುವರ್ಷ ಮೇ 18ರಂದು ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದ ಎಚ್‌ಬಿ 40 ಎಂಬ ಕಾಯ್ದೆ ಅಂಥ ನಿಷೇಧ ಹೇರುವ ಅಧಿಕಾರವನ್ನೇ ರಾಜ್ಯದ ಎಲ್ಲ ನಗರಗಳಿಂದ ಕಿತ್ತುಕೊಂಡಿತು. ಆ ಊರನ್ನು ಬಲ್ಲ ಇಬ್ಬರು ಕನ್ನಡಿಗರ ವಾದಗಳು ಇಲ್ಲಿವೆ.

ಪರ: ಸದ್ದು ಕೇಳುವವರಿಗೆ ಮಾತೂ ಇರಬೇಕು

2013ರ ಕೊನೆಯಲ್ಲಿ ನನ್ನ ತಾಯಿ ತಿಪಟೂರಿನಿಂದ ಡೆಂಟನ್‌ಗೆ ಬಂದಿದ್ದರು. ಬಂದ ಮೂರನೆಯ ರಾತ್ರಿ ಎದ್ದು ನೋಡಿದರೆ ಅವರು ಅಡುಗೆಮನೆಯಲ್ಲಿ ನಿಂತಿದ್ದರು. ಶೆಲ್ಫಿನಲ್ಲಿ ಮಗುಚಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಹಿತ್ತಲ ಬೇಲಿಯಾಚೆ ರಿಗ್ಗಿನ ದೀಪಗಳು ಜಾತ್ರೆಯ ಬಯಲಿನಂತೆ ಉರಿಯುತ್ತಿದ್ದವು. "ಇದೇನಪ್ಪಾ, ಇಷ್ಟು ಹೊತ್ತಿನಲ್ಲಿ ಬೋರ್ ಕೊರೆಸುತ್ತಿದ್ದಾರೆಯೇ?" ಎಂದು ಕೇಳಿದರು. ಹೌದು, ಆದರೆ ನೀರಿಗಲ್ಲ ಎಂದೆ. ತೆಂಗಿನ ತೋಟಕ್ಕಾಗಿ ಮೂರು ಬೋರ್‌ವೆಲ್ ಕೊರೆಸಿ ಎರಡರಲ್ಲಿ ಬರೀ ದೂಳು ಕಂಡವರು ಅವರು. ರಿಗ್ಗಿನ ಸದ್ದು ಅವರಿಗೆ ಹೊಸದಲ್ಲ. ಹೊಸದಾಗಿದ್ದದ್ದು, ಅದು ಎಷ್ಟು ದಿನ ಕಳೆದರೂ ನಿಲ್ಲದಿದ್ದುದು.

ನಮ್ಮ ಕಡೆಯ ಬೋರ್ ಸಾವಿರ ಅಡಿ ಇಳಿದರೆ ಬಹಳ ಆಳ ಎನ್ನುತ್ತೇವೆ. ಡೆಂಟನ್‌ನ ಅಡಿಯಲ್ಲಿರುವ ಬಾರ್ನೆಟ್ ಶೇಲ್ ಎಂಬ ಕಲ್ಲಿನ ಪದರ ಎರಡು ಕಿಲೋಮೀಟರಿಗೂ ಕೆಳಗಿದೆ. ಅಲ್ಲಿಗೆ ಇಳಿದ ಕೊಳವೆ ಅಡ್ಡಕ್ಕೆ ತಿರುಗಿ ಮತ್ತೆ ಸಾವಿರಾರು ಅಡಿ ಹೋಗುತ್ತದೆ. ಆಮೇಲೆ ಒಂದು ಬಾವಿಗೆ ಸುಮಾರು ಒಂದೂವರೆ ಕೋಟಿ ಲೀಟರ್ ನೀರನ್ನು ಮರಳು ಮತ್ತು ರಾಸಾಯನಿಕಗಳೊಂದಿಗೆ ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಸೀಳಿನಲ್ಲಿ ಮರಳು ಉಳಿದು ದಾರಿ ತೆರೆದಿಡುತ್ತದೆ, ಅನಿಲ ಮೇಲೆ ಬರುತ್ತದೆ. ಹೀಗೆ ಶೇಲ್ ಸೀಳುವ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ಇದೇ ಬಾರ್ನೆಟ್ ಪ್ರದೇಶದಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ಪಳಗಿಸಿತು. ಜಗತ್ತಿಗೆ ಅದು ಇಂಧನದ ಕ್ರಾಂತಿ. ನಮ್ಮ ಬೀದಿಗೆ ಅದು ಟ್ಯಾಂಕರ್‌ಗಳ ಸಾಲು, ಡೀಸೆಲ್ ಹೊಗೆ, ನಿದ್ದೆಯಿಲ್ಲದ ಮಕ್ಕಳು.

ಊರಿನವರು ಏಕಾಏಕಿ ನಿಷೇಧಕ್ಕೆ ಹಾರಿದರು ಎಂದು ಹೇಳುವವರಿಗೆ ಆ ಮೊದಲಿನ ವರ್ಷಗಳು ನೆನಪಿಲ್ಲ. ಡೆಂಟನ್ ಮೊದಲು ನಿಯಮಗಳನ್ನೇ ನಂಬಿತ್ತು. 2013ರ ಜನವರಿಯಲ್ಲಿ ನಗರಸಭೆ, ಬಾವಿಗೂ ಮನೆಗೂ 1,200 ಅಡಿ ಅಂತರವಿರಬೇಕು ಎಂದು ಕಾನೂನು ಮಾಡಿತು. ಅದೇ ವರ್ಷ ನಮ್ಮ ದಕ್ಷಿಣದ ಬಡಾವಣೆಯಲ್ಲಿ ಅದಕ್ಕಿಂತ ಎಷ್ಟೋ ಹತ್ತಿರದಲ್ಲಿ ರಿಗ್ ಬಂದು ನಿಂತಿತು. ಪರವಾನಗಿ ಹಳೆಯದು, ಹೊಸ ನಿಯಮ ಅದಕ್ಕೆ ತಾಗುವುದಿಲ್ಲ ಎಂಬುದು ಉತ್ತರ. ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣದ ಬಳಿ ಬಾವಿಯೊಂದು ಹತೋಟಿ ತಪ್ಪಿ ಗಂಟೆಗಟ್ಟಲೆ ಅನಿಲ ಉಗುಳಿತ್ತು. ಊರಿನೊಳಗೆ ಆಗಲೇ 270ಕ್ಕೂ ಹೆಚ್ಚು ಬಾವಿಗಳಿದ್ದವು. ಹೊಸ ನಿಯಮ ಹಳೆಯ ಬಾವಿಗೆ ತಾಗದಿದ್ದರೆ ಆ ನಿಯಮ ಯಾರನ್ನು ಕಾಯಲು?

2014ರ ಜುಲೈನಲ್ಲಿ ನಿಷೇಧದ ಅರ್ಜಿ ನಗರಸಭೆಯ ಮುಂದೆ ಬಂದ ದಿನ ನಾನೂ ಹೋಗಿದ್ದೆ. ಕೈಯಲ್ಲಿ ವೀಸಾ ಇತ್ತು, ಪೌರತ್ವವಿರಲಿಲ್ಲ, ಆದ್ದರಿಂದ ಮತದ ಹಕ್ಕೂ ಇರಲಿಲ್ಲ. ಕೇಳಲು ಮಾತ್ರ ಹೋಗಿದ್ದೆ. ನಡುರಾತ್ರಿ ದಾಟಿದರೂ ಜನ ಮೈಕಿನ ಮುಂದೆ ಸಾಲುಗಟ್ಟಿಯೇ ಇದ್ದರು. ತೊಡೆಯ ಮೇಲೆ ಮಲಗಿದ ಮಗುವಿನ ಇನ್‌ಹೇಲರ್ ಅನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದ ತಾಯಿಯೊಬ್ಬರು ನನ್ನ ಪಕ್ಕದಲ್ಲಿದ್ದರು. ಸದಸ್ಯರು ತಾವೇ ನಿಷೇಧಿಸಲು ಒಪ್ಪದೆ ತೀರ್ಮಾನವನ್ನು ಮತದಾರರಿಗೆ ಬಿಟ್ಟರು. ನಾಲ್ಕು ತಿಂಗಳು ಉದ್ಯಮದ ಕಡೆಯಿಂದ ಹಣ ಹರಿಯಿತು. ಆದರೂ ಊರು ಬೇಡ ಎಂದಿತು.

ಬೆಳಗಾಗುತ್ತಲೇ ಮೊಕದ್ದಮೆಗಳು ಬಂದವು. ಒಂದು ತೈಲ ಮತ್ತು ಅನಿಲ ಉದ್ಯಮಿಗಳ ಸಂಘದ್ದು, ಇನ್ನೊಂದು ರಾಜ್ಯದ ಭೂ ಇಲಾಖೆಯದ್ದು. ಆಮೇಲೆ ಬಂದ ಎಚ್‌ಬಿ 40, ಊರಿಗೆ ಸದ್ದು, ಬೆಳಕು, ಲಾರಿ ಸಂಚಾರ, ಬೆಂಕಿ ಅನಾಹುತ, ಅಂತರ ಇವುಗಳ ಬಗ್ಗೆ ನಿಯಮ ಮಾಡಲು ಬಿಟ್ಟಿತು. ಆದರೆ ಆ ನಿಯಮ 'ವಾಣಿಜ್ಯಿಕವಾಗಿ ಸಮಂಜಸ'ವಾಗಿರಬೇಕು! ಮಗು ಮಲಗಬಹುದಾದ ರಾತ್ರಿ ಎಷ್ಟು ಗಂಟೆಯದ್ದು ಎಂಬುದನ್ನು ಕಂಪನಿಯ ಲಾಭದ ಅಳತೆಗೋಲಿನಲ್ಲಿ ಅಳೆಯಬೇಕು ಎಂದಂತಾಯಿತು. 2015ರ ಜೂನ್‌ನಲ್ಲಿ ನಗರಸಭೆ ತಾನೇ ನಿಷೇಧವನ್ನು ಹಿಂತೆಗೆದುಕೊಂಡಿತು.

ರಾಜ್ಯದಲ್ಲಿ ತಜ್ಞರಿದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂಬ ಮಾತನ್ನು ಒಪ್ಪಲು ನನ್ನಿಂದಾಗದು. ಟೆಕ್ಸಾಸ್‌ನಲ್ಲಿ ಬಾವಿಗಳ ಮೇಲ್ವಿಚಾರಣೆ ರೈಲ್‌ರೋಡ್ ಆಯೋಗದ್ದು. 1891ರಲ್ಲಿ ರೈಲಿಗಾಗಿ ಹುಟ್ಟಿದ ಆಯೋಗ ಇಂದು ತೈಲ ಮತ್ತು ಅನಿಲವನ್ನು ನೋಡಿಕೊಳ್ಳುತ್ತದೆ. ಅದರ ಮೂವರು ಆಯುಕ್ತರು ಚುನಾವಣೆಯಲ್ಲಿ ಗೆದ್ದು ಬರುವವರು, ಆ ಚುನಾವಣೆಗೆ ದೇಣಿಗೆ ಕೊಡುವವರಲ್ಲಿ ಇದೇ ಉದ್ಯಮದವರಿದ್ದಾರೆ. 2013ರ ನವೆಂಬರ್‌ನಿಂದ ಏಜ಼ಲ್ ಪಟ್ಟಣದ ಸುತ್ತ ನೆಲ ಮತ್ತೆ ಮತ್ತೆ ನಡುಗಿತು. ಬಾವಿಗಳಿಂದ ಉಪ್ಪುನೀರನ್ನು ಹೊರತೆಗೆದದ್ದು ಮತ್ತು ತ್ಯಾಜ್ಯ ನೀರನ್ನು ಭೂಮಿಯೊಳಗೆ ತುಂಬಿದ್ದು ಇದಕ್ಕೆ ಕಾರಣವಿರಬಹುದು ಎಂದು ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿತು. ಆಯೋಗದ ಪರಿಶೀಲಕರು ಅದೇ ವರ್ಷ, ಕಂಪನಿಗಳ ಬಾವಿಗಳಿಂದಲೇ ಆಯಿತೆಂಬುದು ಸಾಬೀತಾಗಿಲ್ಲ ಎಂದರು. ಗೋಡೆ ಬಿರುಕು ಬಿಟ್ಟ ಮನೆಯವನು ಯಾವ ಬಾಗಿಲು ತಟ್ಟಬೇಕು?

ಇನ್ನೊಂದು ಮಾತನ್ನು ನಮ್ಮ ಕಡೆಯ ಓದುಗರು ತಿಳಿಯಬೇಕು. ನಮ್ಮ ದೇಶದಲ್ಲಿ ಹೊಲದ ಅಡಿ ಎಣ್ಣೆ ಸಿಕ್ಕರೆ ಅದು ಸರ್ಕಾರದ್ದು. ಟೆಕ್ಸಾಸ್‌ನಲ್ಲಿ ಖಾಸಗಿಯವರದ್ದು, ಆದರೆ ಮನೆ ಕೊಂಡವನದ್ದೇ ಆಗಬೇಕೆಂದಿಲ್ಲ. ಖನಿಜದ ಹಕ್ಕು ಎಷ್ಟೋ ದಶಕಗಳ ಹಿಂದೆಯೇ ನೆಲದಿಂದ ಬೇರೆಯಾಗಿ ಮಾರಾಟವಾಗಿರುತ್ತದೆ. ಅದನ್ನು ತೆಗೆಯಲು ನಿಮ್ಮ ನೆಲವನ್ನು ಬಳಸುವ ಹಕ್ಕು ನಿಮ್ಮ ಹಕ್ಕಿಗಿಂತ ಮೇಲು. ಹೀಗಾಗಿ ಬಾವಿಯ ಪಕ್ಕದವನಿಗೆ ಹೊಗೆ, ಬೇರೆ ಊರಿನಲ್ಲಿರುವವನಿಗೆ ಪ್ರತಿ ತಿಂಗಳು ಚೆಕ್. ಲಾಭದಲ್ಲಿ ಪಾಲಿಲ್ಲದವನಿಗೆ ಕೊನೆಗೆ ಉಳಿಯುವುದು ಮತ ಒಂದೇ.

ಡೆಂಟನ್ ಮತ ಹಾಕಿದ ವರ್ಷವೇ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಡ್ರೈಡನ್ ಎಂಬ ಸಣ್ಣ ಪಟ್ಟಣದ ನಿಷೇಧವನ್ನು ಎತ್ತಿಹಿಡಿಯಿತು. ತನ್ನ ನೆಲದಲ್ಲಿ ಯಾವ ಉದ್ಯಮ ಇರಬೇಕು, ಯಾವುದು ಬೇಡ ಎಂದು ವಿಂಗಡಿಸುವ ಅಧಿಕಾರ ಊರಿಗಿದೆ ಎಂಬುದು ಆ ತೀರ್ಪಿನ ತಿರುಳು. ಕಸಾಯಿಖಾನೆ ಎಲ್ಲಿರಬೇಕು, ಪಟಾಕಿ ಗೋದಾಮು ಎಲ್ಲಿರಬಾರದು ಎಂದು ಊರು ಹೇಳಬಹುದಾದರೆ ಇದನ್ನೂ ಹೇಳಬಹುದು. ಬೇಡ ಎನ್ನುವ ಅಧಿಕಾರ ಊರಿನ ಕೈಯಲ್ಲಿದ್ದರೆ ಕಂಪನಿ 1,200 ಅಡಿಯ ಮಾತಿಗೂ ಕಿವಿಗೊಡುತ್ತದೆ. ಆ ಅಧಿಕಾರ ಹೋದ ಮರುದಿನ ಏನಾಯಿತು ಎಂಬುದನ್ನು ನಾನು ಕಂಡಿದ್ದೇನೆ. ಎಚ್‌ಬಿ 40 ಬಂದ ಕೆಲವೇ ದಿನಗಳಲ್ಲಿ ಊರಿನ ಪಶ್ಚಿಮಕ್ಕೆ ಪಂಪುಗಳು ಮರಳಿದವು, ದಾರಿಗೆ ಅಡ್ಡ ಕುಳಿತವರನ್ನು ಪೊಲೀಸರು ಬಂಧಿಸಿ ಒಯ್ದರು.

ವಿರೋಧ: ಬಾವಿ ಕೆಡುವುದು ಸಿಮೆಂಟಿನಲ್ಲಿ

ಟೆಕ್ಸಾಸ್‌ನ ಬಾವಿಗಳಲ್ಲಿ ನಾನು ಹನ್ನೊಂದು ವರ್ಷ ಸಿಮೆಂಟ್ ಕೆಲಸ ನೋಡಿದ್ದೇನೆ. ಆದ್ದರಿಂದ ಉದ್ಯಮದ ಪಕ್ಷಪಾತಿ ಎಂದು ಯಾರಾದರೂ ಕರೆದರೆ ಬೇಸರವಿಲ್ಲ. ಆದರೆ ಬಾವಿ ಎಲ್ಲಿ ಕೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿರುವುದರಿಂದಲೇ ಈ ನಿಷೇಧದ ವಿರುದ್ಧ ಬರೆಯುತ್ತಿದ್ದೇನೆ.

ಬೋರ್‌ವೆಲ್ ಕೊರೆಸಿದ ಯಾವ ರೈತನಿಗೂ ಕೇಸಿಂಗ್ ಎಂದರೆ ಗೊತ್ತು. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಪೈಪು. ಅನಿಲ ಬಾವಿಯಲ್ಲಿ ಅಂಥ ಉಕ್ಕಿನ ಪೈಪುಗಳು ಒಂದರೊಳಗೊಂದು ಇಳಿಯುತ್ತವೆ. ಪೈಪಿಗೂ ಕಲ್ಲಿಗೂ ನಡುವಿನ ಸಂದಿಗೆ ಕೆಳಗಿನಿಂದ ಮೇಲಕ್ಕೆ ಸಿಮೆಂಟ್ ತುಂಬುತ್ತೇವೆ. ಆ ಸಂದಿ ಕೆಲವೇ ಬೆರಳು ಅಗಲ. ಅದರಲ್ಲಿ ಕೆಸರು ಉಳಿದರೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ಮುಂದಿನ ಕೆಲಸಕ್ಕೆ ಕೈ ಹಾಕಿದರೆ, ಕೂದಲೆಳೆಯ ದಾರಿ ಬಿಡುತ್ತದೆ. ಅನಿಲಕ್ಕೆ ಅಷ್ಟು ಸಾಕು, ಕುಡಿಯುವ ನೀರಿನ ಪದರದವರೆಗೆ ಏರಿಬರುತ್ತದೆ. ಡ್ಯೂಕ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳಿದ್ದ ತಂಡ 2014ರಲ್ಲಿ ಪೆನ್ಸಿಲ್ವೇನಿಯ ಮತ್ತು ಟೆಕ್ಸಾಸ್‌ನ ಕುಡಿಯುವ ನೀರಿನ ಬಾವಿಗಳನ್ನು ಪರೀಕ್ಷಿಸಿ ಹೇಳಿದ್ದೂ ಇದನ್ನೇ: ಅನಿಲ ಸೇರಿದ್ದು ಕೆಟ್ಟ ಕೇಸಿಂಗ್ ಮತ್ತು ಸಿಮೆಂಟಿನಿಂದ, ಆಳದಲ್ಲಿ ಕಲ್ಲು ಸೀಳಿದ್ದರಿಂದಲ್ಲ.

ಈಗ ಡೆಂಟನ್ ನಿಷೇಧಿಸಿದ್ದು ಏನನ್ನು ಎಂದು ನೋಡಿ. ಕಲ್ಲು ಸೀಳುವ ಆ ಒಂದು ಹಂತವನ್ನು ಮಾತ್ರ. ಬಾವಿ ಕೊರೆಯುವುದಕ್ಕೆ ಅಡ್ಡಿಯಿರಲಿಲ್ಲ. ಹರಿಯುತ್ತಿದ್ದ ಹಳೆಯ ಬಾವಿಗಳು, ಅವುಗಳ ಟ್ಯಾಂಕ್‌ಗಳು, ಕಂಪ್ರೆಸರ್‌ಗಳು ಇದ್ದಲ್ಲೇ ಇದ್ದವು. ಸೋರುವ ಕವಾಟ, ತುಕ್ಕು ಹಿಡಿದ ಕೇಸಿಂಗ್ ಇರುವುದು ಅಲ್ಲಿಯೇ. ಮತ ಹಾಕಿದವರ ಭಯ ನಿಜವಾದದ್ದು. ಅವರ ಕೈಗೆ ಸಿಕ್ಕ ಬೀಗ ಮಾತ್ರ ತಪ್ಪು ಬಾಗಿಲಿಗೆ ಬಿತ್ತು.

ರಾಸಾಯನಿಕ ಎಂಬ ಪದವನ್ನು ಕೇಳಿದೊಡನೆ ಮೈ ಜುಮ್ಮೆನ್ನುವುದು ಸಹಜ. ಬಾವಿಗಿಳಿಸುವ ದ್ರವದಲ್ಲಿ ಶೇ 98ಕ್ಕಿಂತ ಹೆಚ್ಚು ನೀರು ಮತ್ತು ಮರಳು. ದ್ರವ ಮಂದವಾಗಬೇಕಾದಾಗ ಬಳಸುವ ಗ್ವಾರ್ ಗೋಂದು ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ್ದು. 2012ರಲ್ಲಿ ಅಮೆರಿಕದ ಬಾವಿಗಳ ಬೇಡಿಕೆಯಿಂದ ರಾಜಸ್ಥಾನದ ಮಾರುಕಟ್ಟೆಯಲ್ಲಿ ಅದರ ಬೆಲೆ ಮುಗಿಲು ಮುಟ್ಟಿ, ಕೊನೆಗೆ ವಾಯಿದಾ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಹಾಗೆಂದು ಉಳಿದ ಭಾಗ ನಿರಪಾಯ ಎನ್ನಲಾರೆ. ಅದರಲ್ಲಿ ಆಮ್ಲವಿದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಿಷವಿದೆ. 2012ರ ಫೆಬ್ರುವರಿಯಿಂದ ಟೆಕ್ಸಾಸ್‌ನಲ್ಲಿ ಕಂಪನಿಗಳು ಇವುಗಳ ಪಟ್ಟಿಯನ್ನು ಪ್ರಕಟಿಸಲೇಬೇಕು, ಆದರೆ 'ವ್ಯಾಪಾರ ರಹಸ್ಯ' ಎಂದು ಕೆಲವನ್ನು ಮುಚ್ಚಿಡಬಹುದು. ನನ್ನ ಜಗಳ ಆ ವಿನಾಯಿತಿಯೊಂದಿಗೆ. ಅದನ್ನು ತೆಗೆಸಲು ಊರಿನ ಎಲ್ಲೆ ಸಾಲದು, ರಾಜ್ಯದ ಕಾನೂನೇ ಬದಲಾಗಬೇಕು.

ನಿಷೇಧಿಸಿದ ಊರಿನ ಒಲೆ ಆರಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಡೆಂಟನ್ ನಗರ 2018ರಲ್ಲಿ 225 ಮೆಗಾವಾಟ್‌ನ ವಿದ್ಯುತ್ ಸ್ಥಾವರವನ್ನು ಆರಂಭಿಸಿತು. ಅದು ಓಡುವುದು ನೈಸರ್ಗಿಕ ಅನಿಲದಿಂದ. ಗಾಳಿ ಬೀಸದಾಗ, ಬಿಸಿಲಿಲ್ಲದಾಗ ವಿದ್ಯುತ್ ಬೇಕಲ್ಲ ಎಂಬ ಅವರ ಲೆಕ್ಕ ಸರಿಯಾದದ್ದೇ. ಆದರೆ ಆ ಅನಿಲ ಯಾರದೋ ಹಿತ್ತಲಿನಿಂದ ಬರಬೇಕು. ಸಭೆಗೆ ಬಂದು ನಡುರಾತ್ರಿಯವರೆಗೆ ಮಾತನಾಡುವ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಇಲ್ಲದ ಊರುಗಳ ಹಿತ್ತಲಿನಿಂದ! ಪಶ್ಚಿಮ ಟೆಕ್ಸಾಸ್‌ನ ಬಯಲಿನಲ್ಲಿ ನಾನು ಕೆಲಸ ಮಾಡಿದ ಸಣ್ಣ ಹಳ್ಳಿಗಳಲ್ಲಿ ಮೈಕ್ ಹಿಡಿಯುವವರೇ ಇರಲಿಲ್ಲ. ಬಲವುಳ್ಳ ಊರು ಬೇಡವೆಂದಾಗಲೆಲ್ಲ ಅಪಾಯ ಬಲವಿಲ್ಲದ ಊರಿಗೆ ಜಾರುತ್ತದೆ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಖನಿಜದ ಒಡೆಯ ಎಂದರೆ ದೂರದ ಸಿರಿವಂತ ಎಂದು ಪರ ವಾದ ಹೇಳುತ್ತದೆ. ಹಲವರು ಹಾಗೆಯೇ ಇರಬಹುದು. ಆದರೆ ರಾಜ್ಯದ ಭೂ ಇಲಾಖೆ ನ್ಯಾಯಾಲಯಕ್ಕೆ ಹೋದದ್ದು, ರಾಜ್ಯದ ಒಡೆತನದ ಖನಿಜದ ಆದಾಯ ಸರ್ಕಾರಿ ಶಾಲೆಗಳ ಶಾಶ್ವತ ನಿಧಿಗೆ ಸೇರುತ್ತದೆ ಎಂದು. ಆ ಶಾಲೆಗಳಲ್ಲಿ ಓದುವವರು ಇಡೀ ಟೆಕ್ಸಾಸ್‌ನ ಮಕ್ಕಳು. ಒಂದು ಊರಿನ ಮತದಿಂದ ಅವರ ಪಾಲು ಇಲ್ಲವಾಗುವುದಾದರೆ, ಅವರ ಪರವಾಗಿ ಮಾತನಾಡುವ ಅಧಿಕಾರ ರಾಜ್ಯಕ್ಕೆ ಇರಲೇಬೇಕು.

ಹಾಗಾದರೆ ಎಚ್‌ಬಿ 40 ಸರಿಯೇ? ಪೂರ್ತಿ ಸರಿಯಲ್ಲ. 'ವಾಣಿಜ್ಯಿಕವಾಗಿ ಸಮಂಜಸ' ಎಂಬ ಮಾತು ನನಗೂ ಹಿಡಿಸದು, ಅದು ತಕ್ಕಡಿಯನ್ನು ಒಂದೇ ಕಡೆಗೆ ವಾಲಿಸುತ್ತದೆ. ಕೊಲರಾಡೊ ಹೋದ ದಾರಿ ಇದಕ್ಕಿಂತ ಮೇಲು. ಅಲ್ಲಿನ ಲಾಂಗ್‌ಮಾಂಟ್ ನಗರದ ನಿಷೇಧವನ್ನು 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ 2019ರಲ್ಲಿ ಶಾಸನಸಭೆ, ಬಾವಿಯನ್ನು ಎಲ್ಲಿ ಹಾಕಬೇಕು ಎಂಬುದರಲ್ಲಿ ಊರುಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟು, ಜನರ ಆರೋಗ್ಯ ಮತ್ತು ಸುರಕ್ಷತೆ ಕಾಯುವುದೇ ನಿಯಂತ್ರಕರ ಕೆಲಸ ಎಂದು ಕಾನೂನನ್ನು ತಿದ್ದಿತು. ಡೆಂಟನ್‌ನ ನೆರೆಯ ಫೋರ್ಟ್ ವರ್ತ್ ನಗರ ನಿಷೇಧದ ಗೊಡವೆಗೆ ಹೋಗದೆ 600 ಅಡಿ ಅಂತರವಿಟ್ಟು, ಸದ್ದಿಗೆ ಮಿತಿ ಹಾಕಿ ಬಾವಿಗಳೊಂದಿಗೆ ಬದುಕುತ್ತಿದೆ. ಡೆಂಟನ್ ಹೊಸ ಬಾವಿಗೆ 1,200 ಅಡಿ ಕೇಳಿತು, ಆದರೆ ಇದ್ದ ಬಾವಿಯಿಂದ 250 ಅಡಿಯಲ್ಲಿ ಹೊಸ ಮನೆ ಕಟ್ಟಲು ಬಿಲ್ಡರ್‌ಗಳಿಗೆ ಅನುಮತಿಸುತ್ತಿತ್ತು. ಆ ಬಡಾವಣೆಗಳಲ್ಲಿ ಮನೆ ಕೊಂಡ ಎಷ್ಟು ಮಂದಿಗೆ ಯಾರಾದರೂ ಇದನ್ನು ಹೇಳಿದ್ದರು?

ನಾನು ಕೆಲಸ ಮಾಡಿದ ಒಂದು ಬಾವಿಯಲ್ಲಿ ರಾತ್ರಿ ಎರಡು ಗಂಟೆಗೆ ಸಿಮೆಂಟ್ ಹಾಕಿ ಮುಗಿಸಿದೆವು. ಎಂಟು ಗಂಟೆ ಕಾಯಬೇಕೆಂದು ಹಾಳೆಯಲ್ಲಿತ್ತು. ಬಾಡಿಗೆ ರಿಗ್, ಗಂಟೆಗಿಷ್ಟು ಎಂಬ ಲೆಕ್ಕ. ಐದೇ ಗಂಟೆ ಕಾದರೆ ಸಾಕು, ಕೊರೆಯಲು ಶುರು ಮಾಡಿ ಎಂದು ಮೇಲಿನವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಜಗಳವಾಯಿತು, ಕಾದೆವು. ಆ ಹೊತ್ತಿನಲ್ಲಿ ಅಲ್ಲಿ ಬಂದು ಹಾಳೆ ತೋರಿಸಿ ಎನ್ನುವ ಇನ್‌ಸ್ಪೆಕ್ಟರ್ ಒಬ್ಬನೂ ಇರಲಿಲ್ಲ. ಡೆಂಟನ್‌ನ ಜನ ಮುಂದಿನ ಬಾರಿ ಸಭೆಗೆ ಹೋದಾಗ ಆ ಇನ್‌ಸ್ಪೆಕ್ಟರನ್ನು ಕೇಳಲಿ: ಪ್ರತಿ ಬಾವಿಗೆ, ಸಿಮೆಂಟ್ ಬೀಳುವ ಪ್ರತಿ ರಾತ್ರಿಗೆ, ಕಂಪನಿಯ ಹಣದಲ್ಲಿ, ನಗರದ ಅಧೀನದಲ್ಲಿ.