ದೃಷ್ಟಿ ತೆಗೆಯುವವರ ಗಮನಕ್ಕೆ

ಬೆಂಗಳೂರಿನಲ್ಲಿ ಮನೆ ಕಟ್ಟಿದವರ ಮೇಲೆ ಮೊದಲು ಬೀಳುವುದು ಊರವರ ಕಣ್ಣು. ಆಮೇಲೆ ಬೀಳುವುದು ಬಾಗಿಲ ಮೇಲೆ ಕಟ್ಟಿದ ಬೂದುಗುಂಬಳಕಾಯಿ. ಮೊದಲನೆಯದಕ್ಕೆ ಪುರಾವೆಯಿಲ್ಲ, ಎರಡನೆಯದು ನಾಲ್ಕೈದು ಕೆಜಿ ತೂಗುತ್ತದೆ.

ಕೆ.ಆರ್. ಮಾರ್ಕೆಟ್ಟಿನಲ್ಲಿ ಕಾಯಿ ಆರಿಸುವಾಗ ತೊಟ್ಟು ಗಟ್ಟಿಯಿರುವ, ಎಲ್ಲೂ ಪೆಟ್ಟಾಗದ, ಮೈತುಂಬ ಬಿಳಿ ಬೂದಿಯಿರುವ ಬಲಿತದ್ದನ್ನೇ ನೋಡಿ. ಆ ಬೂದಿ ಧೂಳಲ್ಲ, ಮೇಣ. ಕಾಯಿ ತಿಂಗಳುಗಟ್ಟಲೆ ಕೆಡದೆ ನಿಲ್ಲುವುದು ಅದರ ಪುಣ್ಯದಿಂದ. ಮಡಿವಂತರು ಮಾಡುವುದೇನು? ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಪಳಪಳ ಹೊಳೆಸಿ, ಅರಿಶಿನ ಬಳಿದು ಕಟ್ಟುತ್ತಾರೆ. ಒಳಗಿರುವುದು ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರು. ಕೊಳೆತಾಗ ಅದು ಹನಿಯುವುದು ಸರಿಯಾಗಿ ಕೊರಿಯರ್ ಹುಡುಗ ನಿಲ್ಲುವ ಜಾಗಕ್ಕೆ. "ಎಂಥಾ ಕೆಟ್ಟ ಕಣ್ಣು ರೀ, ಕಾಯೇ ಕೊಳೆತುಹೋಯ್ತು!" ಎಂದು ಮನೆಯವರಿಗೆ ಒಳಗೊಳಗೇ ಹೆಮ್ಮೆ. ಇನ್ನು ಕೊಕ್ಕೆಯನ್ನು ಫಾಲ್ಸ್ ಸೀಲಿಂಗಿಗೆ ಸಿಕ್ಕಿಸಬೇಡಿ, ಕಾಂಕ್ರೀಟಿಗೇ ಡ್ರಿಲ್ ಮಾಡಿಸಿ. ಹಗ್ಗವನ್ನು ತೊಟ್ಟಿಗೆ ಬಿಗಿಯುವುದೂ ಬೇಡ, ತೊಟ್ಟು ಒಣಗಿದರೆ ಕಳಚಿಕೊಳ್ಳುತ್ತದೆ. ಅಜ್ಜಿಯ ಕಾಲದ ನೆಲುವಿನಂತೆ ಜಾಲಿ ಹೆಣೆದು ಕೂರಿಸಿ.

ಆಯುಧಪೂಜೆಗೆ ಒಡೆಯುವ ಕಾಯಿಯ ಪ್ರತಾಪ ಬೇರೆ. ಮೇಲ್ಭಾಗ ಕೊರೆದು, ಕುಂಕುಮ, ಚಿಲ್ಲರೆ ಕಾಸು ತುಂಬಿ, ಕರ್ಪೂರ ಹಚ್ಚಿ, ಮೂರು ಸುತ್ತು ನಿವಾಳಿಸಿ ನಡುರಸ್ತೆಯಲ್ಲಿ ಢಬ್! ನಮ್ಮ ಗಾಡಿಯ ಗ್ರಹಚಾರ ಬಿಟ್ಟಿತು, ಹಿಂದಿನ ಸ್ಕೂಟರಿನವನಿಗೆ ಅಂಟಿತು. ತಿರುಳಿನ ಮೇಲೆ ಟೈರು ಹತ್ತಿದರೆ ಬ್ರೇಕಿಗೂ ಹಿಡಿತವಿಲ್ಲ. ತುಂತುರು ಮಳೆ ಬಿದ್ದಿದ್ದರಂತೂ ಕೇಳಲೇಬೇಡಿ. ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿ ಒಡೆದರೆ ಸದ್ದು ಕೊಂಚ ಕಮ್ಮಿ, ಆದರೆ ಮಡಚಿ ಎತ್ತಿ ಹಸಿ ಕಸಕ್ಕೆ ಸುರಿಯಬಹುದು. ಕಾಸನ್ನು ಮೊದಲೇ ಹೆಕ್ಕಿ ಮಕ್ಕಳ ಕೈಗೆ ಕೊಡಿ, ಇಲ್ಲವಾದರೆ ಕಾಸಿಗಾಗಿ ಮಕ್ಕಳು ಬಸ್ಸಿನಡಿ ನುಗ್ಗುತ್ತವೆ.

ಹೊಸ ಕಾರಿನ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಗೇರು ಯಾವುದರಲ್ಲಿದೆ ಎಂದು ನೋಡಿ. ಹಿಂದೆ ಮಂಗಳಾರತಿ ತಟ್ಟೆ ಹಿಡಿದು ಅತ್ತೆ ನಿಂತಿರುತ್ತಾರೆ. ಹೋಳು ಮಾಡಿ ಕುಂಕುಮ ಹಚ್ಚಿದ ನಿಂಬೆಯನ್ನು ಹೊಸ್ತಿಲ ಮೇಲೆ ಹಾಗೇ ಇಡಬಾರದು. ಮಾರ್ಬಲ್, ಕಡಪ ಎರಡೂ ಸುಣ್ಣದ ಜಾತಿಯ ಕಲ್ಲು. ಹುಳಿ ಸೋಕಿದಲ್ಲೆಲ್ಲ ಹೊಳಪು ತಿಂದುಹೋಗಿ ಬಿಳಿಚಿದ ಗುರುತು ನಿಲ್ಲುತ್ತದೆ. ಎಷ್ಟು ಒರೆಸಿದರೂ ಹೋಗದು, ಪಾಲಿಶಿನವನನ್ನೇ ಕರೆಸಬೇಕು. ಗ್ರಾನೈಟು ತಡೆದುಕೊಳ್ಳುತ್ತದೆ. ಕೆಳಗೊಂದು ಸ್ಟೀಲ್ ತಟ್ಟೆಯಿಟ್ಟರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಂಬೆಹಣ್ಣು, ಏಳು ಮೆಣಸಿನಕಾಯಿಯ ಸರವನ್ನು ಕಬ್ಬಿಣದ ತಂತಿಗೆ ಪೋಣಿಸಿದರೆ ತಂತಿ ಕಪ್ಪಾಗಿ ತುಕ್ಕು ಹಿಡಿಯುತ್ತದೆ, ನೂಲೇ ವಾಸಿ. ನಂಬರ್ ಪ್ಲೇಟಿನ ಮೇಲೆ ಜೋತುಬಿಟ್ಟಿರೋ, ಟ್ರಾಫಿಕ್ ಪೊಲೀಸರ ದೃಷ್ಟಿಗೆ ಮದ್ದಿಲ್ಲ.

ಅಂಗಡಿ ಬಾಗಿಲಿನ ಪಟಿಕ ಮಳೆಗಾಲದಲ್ಲಿ ಸವೆಯುವುದು ಎದುರಂಗಡಿಯವನ ಹೊಟ್ಟೆಕಿಚ್ಚಿಗಲ್ಲ, ಎರಚಲಿಗೆ. ಅದು ನೀರಿನಲ್ಲಿ ಕರಗುವ ವಸ್ತು. ಎಂಆರ್‌ಐ ಮಾಡಿಸುವ ಮುನ್ನ ತಾಯಿತ ಬಿಚ್ಚಿಡಿ.

ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವಾಗ ಮುಖ ದೂರವಿರಲಿ, ಸಾಸಿವೆ ಸಿಡಿಯುತ್ತದೆ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ತೀರ್ಪು. ಇಲ್ಲಿ ಮೆಣಸಿನಕಾಯಿಯ ಊರು ಮುಖ್ಯ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಅದನ್ನು ಹಾಕುವ ಮನೆಯ ಮಗುವಿಗೆ ವಾರಕ್ಕೆರಡು ಸಲ ದೃಷ್ಟಿಯಾಗುತ್ತದೆ. ಗುಂಟೂರು ಹಾಕಿದರೆ ಇಡೀ ಫ್ಲೋರು ಕೆಮ್ಮುತ್ತದೆ, ಸೆಕ್ಯುರಿಟಿಯವರು ಮೆಟ್ಟಿಲು ಹತ್ತಿ ಓಡಿಬರುತ್ತಾರೆ. ಅಜ್ಜಿ ಮಾತ್ರ ಕಣ್ಣೊರೆಸಿಕೊಳ್ಳುತ್ತಾ, "ಮಗೂಗೆ ಏನೂ ಆಗಿಲ್ಲ ಬಿಡಿ" ಎನ್ನುತ್ತಾರೆ.